ಹೊಸ್ತಿಲು ಕೊಯ್ದ ಮನೆ

ನಮ್ಮ ಸೀಮೆಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವವರಿಗೆ ಬರವಿಲ್ಲ. ತಿಪಟೂರು ಮಾರುಕಟ್ಟೆಯ ಹರಾಜಿನ ಧಾರಣೆ ಮಾರನೇ ದಿನ ಪೇಪರಿನಲ್ಲಿ ಬರುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಹೋಟೆಲುಗಳಲ್ಲಿ ಟೀ ಕುಡಿಯುವವರು ಮೊದಲು ಓದುವುದು ಅದನ್ನೇ. ದೆಹಲಿಯ ಸರ್ಕಾರವೂ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಹೇಳುತ್ತದೆ. 2021ರಲ್ಲಿ ಕ್ವಿಂಟಾಲಿಗೆ 10,600 ರೂಪಾಯಿ, 2025ರಲ್ಲಿ 12,100 ರೂಪಾಯಿ. ಸಾಲದು ಅಂತ ರೈತರು ಕೇಳುತ್ತಾರೆ. ಕೇಳಲಿ, ಅದು ನ್ಯಾಯ. ಆದರೆ ಆ ಕಾಯನ್ನು ಮರದಿಂದ ಇಳಿಸಿದವನ ಬೆನ್ನುಮೂಳೆಗೆ ಬೆಂಬಲ ಎಲ್ಲಿದೆ, ಅದರ ಬೆಲೆ ಎಷ್ಟು ಅಂತ ಯಾರೂ ಕೂಗಿದ್ದನ್ನು ನಾವು ಕೇಳಿಲ್ಲ.

ಈ ಕಡೆಯ ಮರಗಳು ಎತ್ತರದ ಜಾತಿಯವು. ಐವತ್ತು ಅರವತ್ತು ಅಡಿ ಬೆಳೆಯುತ್ತವೆ. ಬಲಿತ ಕಾಯನ್ನು ಇಳಿಸಿ, ಅಟ್ಟಕ್ಕೆ ಹಾಕಿ, ಒಳಗಿನ ನೀರು ಬತ್ತಿ ಕೊಬ್ಬರಿ ತಾನೇ ಚಿಪ್ಪು ಬಿಟ್ಟು ಗಡಗಡ ಅನ್ನುವ ತನಕ ತಿಂಗಳುಗಟ್ಟಲೆ ಕಾಯುತ್ತಾರೆ. ಆಮೇಲೆ ಸುಲಿದು ಒಡೆದು ಚೀಲಕ್ಕೆ ತುಂಬುತ್ತಾರೆ. ನಮ್ಮೂರಲ್ಲಿ ಮರ ಹತ್ತುವ ಕೈಯೂ ನಮ್ಮ ಕೇರಿಯದು, ಕಾಯಿ ಸುಲಿಯುವ ಕೈಯೂ ನಮ್ಮ ಕೇರಿಯದು. ತೋಟ ಅವರದು, ಅಟ್ಟ ಅವರದು, ಧಾರಣೆಯೂ ಅವರದು. ಬೀಳುವುದು ಮಾತ್ರ ನಮ್ಮದು.

ನಮ್ಮಪ್ಪ 2021ರ ಬೇಸಿಗೆಯಲ್ಲಿ ಬಿದ್ದ. ಮೂವತ್ತು ವರ್ಷ ಹತ್ತಿದ ಮರಗಳು, ಒಂದೊಂದರ ಸ್ವಭಾವವೂ ಅವನಿಗೆ ಗೊತ್ತಿತ್ತು. ಹಿಡಿದ ಮಟ್ಟೆ ಬುಡದಲ್ಲೇ ಒಣಗಿತ್ತು, ಕೈಗೆ ಬಂತು. ಓಡಿ ಬಂದವರು ತೋಳಿಗೊಬ್ಬರು ಕಾಲಿಗೊಬ್ಬರು ಹಿಡಿದು ಎತ್ತಿ ಆಟೋದಲ್ಲಿ ಮಡಿಸಿ ಕೂರಿಸಿದರು. ಪ್ರೀತಿಯಿಂದಲೇ ಮಾಡಿದರು. ಆದರೆ ಬೆನ್ನು ಮುರಿದವನನ್ನು ಮಡಿಸಬಾರದು. ತಲೆ, ಕತ್ತು, ಬೆನ್ನು ಒಂದೇ ನೇರಕ್ಕೆ ಇರುವಂತೆ ನಾಲ್ಕು ಜನ ಒಟ್ಟಿಗೆ ಹಿಡಿದು ಹಲಗೆಯ ಮೇಲೆ ಹೊರಳಿಸಬೇಕು, 108ಕ್ಕೆ ಫೋನು ಮಾಡಬೇಕು. ಹಲಗೆ ಇಲ್ಲದಿದ್ದರೆ ಒಂದು ಬಾಗಿಲನ್ನಾದರೂ ಕಿತ್ತು ತರಬೇಕು. ಮರ ಹತ್ತುವ ಊರುಗಳ ಶಾಲೆಗಳಲ್ಲಿ ಮಗ್ಗಿಯ ಜೊತೆ ಇದನ್ನೂ ಹೇಳಿಕೊಡಬೇಕು ಅಂತ ಮೇಷ್ಟರುಗಳಲ್ಲಿ ನಮ್ಮ ಅರಿಕೆ.

ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಬೆನ್ನಿಗೆ ರಾಡು ಹಾಕಿದರು. ಸೊಂಟದ ಕೆಳಗೆ ಸ್ವಾಧೀನ ಬರುವುದಿಲ್ಲ ಎಂದರು. ಬಿಡುಗಡೆಯ ಚೀಟಿಯಲ್ಲಿ ಆರು ಮಾತ್ರೆಯ ಹೆಸರಿತ್ತು. 'ಮನೇಲಿ ಚೆನ್ನಾಗಿ ನೋಡ್ಕೊಳ್ಳಿ' ಅಂದರು. ಯಾವ ಮನೆ ಅಂತ ಯಾರೂ ಕೇಳಲಿಲ್ಲ. ಎಷ್ಟು ಮೆಟ್ಟಿಲಿದೆ, ಬಾಗಿಲು ಎಷ್ಟು ಅಗಲ, ಕಕ್ಕಸು ಎಲ್ಲಿ, ರಾತ್ರಿ ದೀಪ ಇರುತ್ತದೋ ಇಲ್ಲವೋ, ಒಂದನ್ನೂ ಕೇಳಲಿಲ್ಲ. ಮಾತ್ರೆ ಬರೆದುಕೊಡುವವರಿಗೆ ಮನೆ ಅನ್ನೋದು ಔಷಧಿಯೂ ಆಗಬಹುದು, ವಿಷವೂ ಆಗಬಹುದು ಅನ್ನುವುದು ಹೊಳೆದಿರಲಿಲ್ಲವೇನೋ.

ನಮ್ಮ ಮನೆಯನ್ನು ಸ್ವಲ್ಪ ನೋಡಿ. ಬೀದಿಯಿಂದ ಒಂದೂವರೆ ಅಡಿ ಎತ್ತರದ ಜಗುಲಿ. ಬಾಗಿಲಿಗೆ ಐದು ಅಂಗುಲದ ಹೊಸ್ತಿಲು. ತಲೆ ಬಾಗದೆ ಒಳಗೆ ಹೋಗುವಂತಿಲ್ಲ. ಒಳಗೆ ನಡುಮನೆ, ಅದರ ಮೂಲೆಯಲ್ಲೇ ಒಲೆ. ಒಂದು ಬಲ್ಬು, ಅದರ ಸ್ವಿಚ್ಚು ನಿಂತವನ ಕೈಗೆ ಸಿಗುವ ಎತ್ತರದಲ್ಲಿ. ಹಿಂದೆ ಕಲ್ಲುಚಪ್ಪಡಿಯ ಬಚ್ಚಲು, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಅದರಾಚೆ ಸ್ವಚ್ಛ ಭಾರತದ 12,000 ರೂಪಾಯಿಯಲ್ಲಿ ಎದ್ದ ಕಕ್ಕಸು. ಅದಕ್ಕೆ ಎರಡು ಮೆಟ್ಟಿಲು, ಎರಡಡಿ ಬಾಗಿಲು, ಕುಕ್ಕರುಗಾಲಲ್ಲಿ ಕೂರುವ ಗುಂಡಿ.

ಇದನ್ನು ಕಟ್ಟಿದವರನ್ನು ನಾವು ಬೈಯುವುದಿಲ್ಲ. ಕಟ್ಟಿದ್ದು ನಮ್ಮ ತಾತ. ಒಂದೊಂದಕ್ಕೂ ಕಾರಣ ಇತ್ತು. ಸೈಟು ಕೊಟ್ಟಿದ್ದು ಕೆರೆ ಕೆಳಗಿನ ತಗ್ಗಿನಲ್ಲಿ, ಊರಿನ ನೀರೆಲ್ಲ ಹರಿದು ಬರುವ ಕಡೆ. ಅದಕ್ಕೇ ಜಗುಲಿ ಎತ್ತರಿಸಿದ. ನೀರಿನ ಜೊತೆ ಹಾವು ಚೇಳು ಬರುತ್ತಿದ್ದವು, ಅದಕ್ಕೇ ಹೊಸ್ತಿಲು ದಪ್ಪ. ಮೊದಲು ಸೋಗೆ ಹೊದಿಸಿದ್ದ ಮನೆ, ಸೋಗೆ ಇಳಿಬೀಳುವುದರಿಂದ ಬಾಗಿಲು ಗಿಡ್ಡ. ನಡೆದಾಡುವವರ ಪ್ರಾಣ ಉಳಿಸಲು ಮಾಡಿದ್ದೆಲ್ಲ ನಡೆಯಲಾರದವನ ಪ್ರಾಣಕ್ಕೆ ಬಂದು ನಿಂತಿತು. ಎತ್ತರದ ದಿಣ್ಣೆಯ ಮೇಲೆ ನಮಗೂ ಒಂದು ಸೈಟು ಸಿಕ್ಕಿದ್ದರೆ ಜಗುಲಿ ಇಷ್ಟು ಎತ್ತರ ಬೇಕಿರಲಿಲ್ಲ. ಊರು ಯಾರನ್ನು ಎಲ್ಲಿ ಕೂರಿಸಿತು ಅನ್ನುವುದು ನಲವತ್ತು ವರ್ಷದ ಮೇಲೆ ನಮ್ಮಪ್ಪನ ಗಾಲಿಕುರ್ಚಿಗೆ ಅಡ್ಡ ಬಂತು.

ಮೊದಲ ಆರು ತಿಂಗಳು ಮನೆಯೇ ಅವನನ್ನು ಹೊಡೆಯಿತು. ಹೊರಕ್ಕೆ ಹೊತ್ತು ತರುವಾಗ ಹೊತ್ತವರ ತಲೆ ಬಾಗಿಲ ಮೇಲುಪಟ್ಟಿಗೆ ತಗುಲಿ, ಮೂವರೂ ಜಗುಲಿಯಿಂದ ಉರುಳಿದ್ದುಂಟು. ಹುರಿಮಂಚ ಜೋಲಿಯ ಹಾಗೆ ತಗ್ಗಿ, ಕೂತ ಕಡೆಯೇ ಭಾರ ಬಿದ್ದು, ಬೆನ್ನ ಕೆಳಗೆ ಅಂಗೈಯಗಲ ಹುಣ್ಣಾಯಿತು. ಚಳಿಗೆ ಅಂತ ಒಲೆ ಹತ್ತಿರ ಮಲಗಿಸಿದ ರಾತ್ರಿ ಕಾಲು ಬೆಂಕಿಯ ಕಡೆ ಸರಿದಿತ್ತು. ಸುಟ್ಟ ವಾಸನೆ ಬಂದು ಅವ್ವ ಎದ್ದಳೇ ಹೊರತು ಅಪ್ಪನಿಗೆ ಗೊತ್ತೇ ಆಗಲಿಲ್ಲ. ಇನ್ನೊಂದು ರಾತ್ರಿ ಇಲಿ ಕಾಲ್ಬೆರಳನ್ನು ಕಚ್ಚಿತ್ತು. ನೋವಿಲ್ಲದ ಕಾಲು ಅಂದರೆ ಕಾವಲಿಲ್ಲದ ತೋಟ, ಯಾರು ಬೇಕಾದರೂ ನುಗ್ಗಬಹುದು. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಪ್ಪ ನೀರು ಕುಡಿಯುವುದನ್ನೇ ಬಿಟ್ಟ. 'ಕುಡುದ್ರೆ ಮತ್ತೆ ನೀವೇ ಎತ್ಬೇಕಲ್ರಪ್ಪ' ಅಂದ. ಉಚ್ಚೆ ಕೆಂಪಗಾಗಿ ಚಳಿಜ್ವರ ಬಂತು. ಬೆನ್ನುಹುರಿ ಕಡಿದವರನ್ನು ಬಿದ್ದ ಏಟಿಗಿಂತ ಆಮೇಲಿನ ಹುಣ್ಣು ಮತ್ತು ಉಚ್ಚೆಯ ಸೋಂಕು ಕೊಲ್ಲುತ್ತದೆ ಅನ್ನುವುದು ನಮಗೆ ಆಗ ತಿಳಿಯಿತು.

ತಿಳಿಸಿದವರು ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಅಣ್ಣ. ಅವರೂ ಮರದಿಂದ ಬಿದ್ದವರೇ, ಹನ್ನೆರಡು ವರ್ಷದ ಹಿಂದೆ. ಮೂರು ಗಾಲಿಯ ಸ್ಕೂಟರಿನಲ್ಲಿ ತಾವೇ ಬಂದರು. ಬೀದಿಯಲ್ಲೇ ನಿಲ್ಲಿಸಿ, ಜಗುಲಿ ನೋಡಿ, 'ನಾನ್ ಒಳೀಕೆ ಬರಕ್ಕಾಗಲ್ಲ, ಯಜಮಾನ್ರು ಈಚೀಗ್ ಬರಕ್ಕಾಗಲ್ಲ. ಇನ್ನೇನು, ಮನೆ ಐತೆ ಅಂತೀರಲ್ಲ, ಇದು ಮನೇನಾ ಬೋನಾ?' ಅಂದರು. ಅಪ್ಪ ಒಳಗಿಂದ ನಕ್ಕ. ಬಿದ್ದ ಮೇಲೆ ಅವನು ನಕ್ಕಿದ್ದು ಅವತ್ತೇ.

ಆ ಅಣ್ಣ ಕೇಳಿದ್ದು ದುಡ್ಡಲ್ಲ, ಒಂದು ಟೇಪು. ಬೀದಿಯಲ್ಲೇ ಕೂತು ಹೇಳುತ್ತಾ ಹೋದರು, ನಾವು ಅಳೆಯುತ್ತಾ ಹೋದೆವು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ನಮ್ಮ ಜಗುಲಿ ಒಂದೂವರೆ ಅಡಿ, ಅಂದರೆ ಹದಿನೆಂಟು ಅಡಿ ಇಳಿಜಾರು. ನಮ್ಮ ಅಂಗಳ ಇರುವುದೇ ಹತ್ತಡಿ. ಲೆಕ್ಕ ಅಲ್ಲೇ ನಿಂತಿತು. ಆಗ ಪಕ್ಕದ ಮನೆಯ ಚಿಗವ್ವ, 'ನಮ್ ಗ್ವಾಡೆ ಮಗ್ಗುಲಲ್ಲಿ ತಿರುಗಿಸ್ಕಳ್ರಪ್ಪ, ಅಲ್ಲಿ ಸೌದೆ ಮಡಗ್ತಿದ್ದೆ, ಆಚೆ ಮಡಗ್ತೀನಿ' ಅಂದಳು. ಒಂದು ಗೇಣು ಬದುವಿಗೆ ಕೋರ್ಟಿಗೆ ಹೋಗುವ ತೋಟದವರ ನಡುವೆ ನಾವಿದ್ದೇವೆ. ನಮ್ಮ ಚಿಗವ್ವನ ಹತ್ತಿರ ಇದ್ದದ್ದು ಮೂರಡಿ ಜಾಗ, ಅದನ್ನು ಕೊಟ್ಟಳು.

ಹೊಸ್ತಿಲು ಕೊಯ್ಯಬೇಕು ಎಂದಾಗ ಜಗಳವಾಯಿತು. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಳು. 'ವಸ್ಲಲ್ಲಿ ಲಕ್ಷ್ಮಿ ಅವಳೆ, ಗರಗಸ ಆಡಿಸ್ಬ್ಯಾಡ್ರೋ' ಅಂದಳು. ಅವ್ವ ಮಾತು ಕಡಿಮೆಯವಳು. ಅವತ್ತು ಹೇಳಿದಳು: 'ಮದ್ವೆ ಆಗಿ ಬಂದಾಗಿಂದ ಅರಿಶಿನ ಕುಂಕುಮ ಬಳೀತಾನೆ ಇವ್ನಿ ಅಕ್ಕಯ್ಯ. ಲಕ್ಷ್ಮಿ ಯಾವತ್ತು ಒಳೀಕ್ ಬಂದ್ಲು ಹೇಳು? ಅವಳ್ಗೂ ಇದು ಕಾಲಿಗೆ ಅಡ್ಡ ಆಯ್ತೇನೋ. ಕೊಯ್ರಿ.' ಕೊಯ್ದೆವು. ನೀರು ಹುಳಹುಪ್ಪಟೆ ಬರದಂತೆ ಬಾಗಿಲ ಕೆಳಗೆ ಹಳೇ ಟ್ಯೂಬಿನ ಪಟ್ಟಿ ಹೊಡೆದು, ಮುಂದೆ ಒಂದು ಸಣ್ಣ ಚರಂಡಿ ತೋಡಿ ಮೇಲೆ ಕಂಬಿಯ ಜಾಲರಿ ಮುಚ್ಚಿದೆವು.

ಇಳಿಜಾರಿಗೆ ಒಳಗೆ ಕಲ್ಲು ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿದೆವು. ತಿರುವಿನಲ್ಲಿ ಕುರ್ಚಿ ತಿರುಗುವಷ್ಟು ಮಟ್ಟಸದ ಜಾಗ ಬಿಟ್ಟೆವು. ಗಾಲಿ ಅಂಚಿನಿಂದ ಜಾರದಂತೆ ಎರಡೂ ಕಡೆ ನಾಲ್ಕು ಅಂಗುಲದ ಏರಿ ಕಟ್ಟಿದೆವು. ಸಿಮೆಂಟು ಹಸಿಯಿರುವಾಗಲೇ ತೆಂಗಿನ ನಾರಿನ ಹಗ್ಗವನ್ನು ಗೇಣಿಗೊಂದರಂತೆ ಒತ್ತಿ ತೆಗೆದೆವು. ಆ ಗೆರೆಗಳು ಮಳೆಯಲ್ಲೂ ಗಾಲಿಯನ್ನು ಹಿಡಿಯುತ್ತವೆ.

ಹುರಿಮಂಚ ತೆಗೆದು ಹಲಗೆ ಮಂಚ ಹಾಕಿದೆವು, ಅದರ ಮೇಲೆ ದಪ್ಪ ಸ್ಪಂಜಿನ ಹಾಸಿಗೆ. ಮಂಚ ಮತ್ತು ಕುರ್ಚಿ ಒಂದೇ ಎತ್ತರ ಇರಬೇಕು. ಆಗ ಯಾರೂ ಎತ್ತಬೇಕಾಗಿಲ್ಲ, ನಡುವೆ ಒಂದು ನುಣುಪು ಹಲಗೆ ಇಟ್ಟರೆ ಅವನೇ ಕೈಯೂರಿ ಸರಿಯುತ್ತಾನೆ. ಅದಕ್ಕೆ ಮಂಚದ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು, ಅಲುಗದಂತೆ ಸಿಮೆಂಟಿನಲ್ಲಿ ಕೂರಿಸಿದೆವು. ಮೇಲಿನ ತೊಲೆ ಗಟ್ಟಿಯಿದೆಯೇ ಅಂತ ಇಬ್ಬರು ಜೋತುಬಿದ್ದು ನೋಡಿ, ಅದರಿಂದ ಹಗ್ಗ ಇಳಿಬಿಟ್ಟು ಅಡ್ಡಕ್ಕೊಂದು ಕೋಲು ಕಟ್ಟಿದೆವು. ಮೂವತ್ತು ವರ್ಷ ಮರ ಹತ್ತಿದ ತೋಳುಗಳು ಅವು. ಕಾಲು ಹೋದರೂ ತೋಳಿನ ಬಲ ಹೋಗಿರಲಿಲ್ಲ. ಕೋಲು ಹಿಡಿದು ಅಪ್ಪ ತಾನೇ ಎದ್ದು ಕೂತ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಅವ್ವನ ನಿದ್ದೆ ಕೆಡಿಸುವುದು ಬಹುಮಟ್ಟಿಗೆ ನಿಂತಿತು. ಕುರ್ಚಿಯಲ್ಲಿ ಕೂತಾಗಲೂ ಆಗಾಗ ಕೈಯೂರಿ ಮೈ ಮೇಲೆತ್ತಬೇಕು, ಭಾರ ಒಂದೇ ಕಡೆ ಬೀಳಬಾರದು. ಬೆನ್ನಿನ ಕೆಳಗೆ ಕೆಂಪಾಗಿದೆಯೇ ಅಂತ ನೋಡಿಕೊಳ್ಳಲು ಕೈಗನ್ನಡಿ ಕೊಟ್ಟೆವು.

ಮಂಚವನ್ನು ಒಲೆಯಿಂದ ದೂರದ ಮೂಲೆಗೆ ಹಾಕಿ ನಡುವೆ ಮೊಣಕಾಲೆತ್ತರದ ಗೋಡೆ ಎಬ್ಬಿಸಿದೆವು. ಮೀಯುವ ನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡುವುದು ಮನೆಯ ಕಾನೂನಾಯಿತು. ರಾತ್ರಿ ಕಾಲಿಗೆ ಸೊಳ್ಳೆಪರದೆ ಸುತ್ತಿ ಸಿಕ್ಕಿಸುತ್ತೇವೆ, ಇಲಿಗೂ ಇರುವೆಗೂ ಅದೇ ಬೇಲಿ. ಸ್ವಿಚ್ಚನ್ನು ವೈರು ಎಳೆದು ಮಂಚದ ಪಕ್ಕಕ್ಕೆ ತಂದೆವು. ನೀರಿನ ಬಿಂದಿಗೆ ಕೈಗೆಟಕುವ ಕಟ್ಟೆಯ ಮೇಲೆ. ಮಂಚದ ಕಾಲಿಗೆ ಒಂದು ಸೈಕಲ್ ಬೆಲ್ಲು. ಅವ್ವ ಬಾವಿಕಟ್ಟೆಯಲ್ಲಿದ್ದರೂ ಕೇಳುತ್ತದೆ.

ಕಕ್ಕಸಿಗೆ ಮಾತ್ರ ಎರಡು ವಾರ ಹಿಡಿಯಿತು. ಗೋಡೆ ಒಡೆದು ಬಾಗಿಲನ್ನು ಮೂರಡಿ ಮಾಡಿ, ಹೊರಕ್ಕೆ ತೆರೆಯುವಂತೆ ಕೂರಿಸಿದೆವು. ಒಳಕ್ಕೆ ತೆರೆಯುವ ಬಾಗಿಲಿದ್ದರೆ, ಒಳಗೆ ಬಿದ್ದವನೇ ಬಾಗಿಲಿಗೆ ಅಡ್ಡವಾಗುತ್ತಾನೆ, ಯಾರೂ ಹೋಗಲಾಗುವುದಿಲ್ಲ. ಗುಂಡಿಯ ಮೇಲೆ ನಡುವೆ ತೂತಿರುವ ಕಬ್ಬಿಣದ ಕುರ್ಚಿ. ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ನೀರಿನ ಪೈಪು. ಅದನ್ನು ಬರೀ ಮೊಳೆಯಲ್ಲಿ ಹೊಡೆದರೆ ಕಿತ್ತು ಬರುತ್ತದೆ, ಗೋಡೆಯ ಆಚೆಯಿಂದ ಬೋಲ್ಟು ಹಾಕಿಸಬೇಕು. ಬಚ್ಚಲಿನ ನುಣುಪು ಚಪ್ಪಡಿಗೆ ಉಳಿ ಹೊಡೆಸಿ ಒರಟು ಮಾಡಿಸಿದೆವು. ಆ ಕಕ್ಕಸಿಗೆ ತಾನೇ ಹೋಗಿ ಬಂದ ದಿನದಿಂದ ಅಪ್ಪ ನೀರು ಕುಡಿಯತೊಡಗಿದ. ಯಾವ ಡಾಕ್ಟರು ಹೇಳಿದರೂ ಕೇಳದವನು ಮೂರಡಿ ಬಾಗಿಲಿನ ಮಾತು ಕೇಳಿದ.

ಕೂಲಿ ನಮ್ಮದೇ, ಕೇರಿ ಹುಡುಗರದೇ. ಸಾಮಾನಿಗೆ ಆದ ಖರ್ಚು 9,400 ರೂಪಾಯಿ. ಆ ವರ್ಷದ ಒಂದು ಕ್ವಿಂಟಾಲ್ ಕೊಬ್ಬರಿಯ ಬೆಂಬಲ ಬೆಲೆಗಿಂತ ಕಡಿಮೆ. ಒಂದು ಕ್ವಿಂಟಾಲಿಗೆ ಹೆಚ್ಚು ಕಡಿಮೆ ಏಳೆಂಟು ನೂರು ಕಾಯಿ. ಅಪ್ಪ ಎರಡು ದಿನದಲ್ಲಿ ಅಷ್ಟು ಇಳಿಸುತ್ತಿದ್ದ. ಮೂವತ್ತು ವರ್ಷ ಇಳಿಸಿದ್ದರಲ್ಲಿ ಎರಡು ದಿನದ ಕಾಯಿ ಸಾಕಿತ್ತು, ಅವನ ಮನೆ ಅವನನ್ನು ಕೊಲ್ಲದಂತೆ ಮಾಡಲು. ತೋಟದ ಯಜಮಾನರು ನೋಡಲು ಬಂದಾಗ ಒಂದು ಡಜನ್ ಬಾಳೆಹಣ್ಣು ತಂದಿದ್ದರು. ಜಗುಲಿಯ ಕೆಳಗೇ ನಿಂತು ಮಾತಾಡಿಸಿ ಹೋದರು. ಅವರಿಗೆ ನಮ್ಮ ಜಗುಲಿ ಹತ್ತುವುದು ಕಷ್ಟ, ಕಾಲು ಸರಿಯಿದ್ದರೂ.

ಗೆಳೆಯರೇ, ಇದನ್ನು ಮರುಕ ಹುಟ್ಟಿಸಲು ಬರೆಯುತ್ತಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ ನಾವು, ಕವಿತೆಯನ್ನೂ ಬರೆಯುತ್ತೇವೆ. ಕವಿತೆಯಲ್ಲಿ ಹೊಸ್ತಿಲು ಅಂದರೆ ಹೊಸ ಬಾಳಿನ ಬಾಗಿಲು. ನಮ್ಮವರಿಗೆ ಹೊಸ್ತಿಲಿನ ಅರ್ಥ ಕವಿಗಳು ಹೇಳಿಕೊಡಬೇಕಾಗಿಲ್ಲ. ಗುಡಿಯ ಹೊಸ್ತಿಲು, ಗೌಡರ ಮನೆ ಹೊಸ್ತಿಲು, ಹೋಟೆಲಿನ ಹೊಸ್ತಿಲು, ಎಲ್ಲದರ ಹೊರಗೂ ನಿಂತು ನಮ್ಮ ಹಿರಿಯರ ಕಾಲು ನೋಯಿತು. ದಾಟಲು ಆಗದವನ ಮೈಯಲ್ಲಿ ದೋಷ ಇದೆ ಅಂತ ಆಗಲೂ ಹೇಳಿದರು, ಈಗ ಅಪ್ಪನಿಗೂ ಹೇಳುತ್ತಾರೆ, 'ಪಾಪ, ಕರ್ಮ' ಅಂತ. ದೋಷ ಇರುವುದು ಹೊಸ್ತಿಲಲ್ಲಿ. ಅದನ್ನು ಮನುಷ್ಯರು ಇಟ್ಟರು, ಮನುಷ್ಯರು ಕೊಯ್ಯಬಹುದು.

ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಬೆನ್ನುಹುರಿಗೆ ಏಟು ಬಿದ್ದು ಕಾಲು ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ದುಡಿಮೆಯಿಂದ 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ನಮ್ಮ ಬೆಂಗಳೂರಿನಲ್ಲೇ, ಪೋಲಿಯೊ ತಗುಲಿದ್ದ ಎನ್.ಎಸ್. ಹೇಮಾ 1959ರಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದರು. ಆ ವೈದ್ಯೆಗೂ ನಮ್ಮಪ್ಪನಿಗೂ ಮುರಿದದ್ದು ಬೆನ್ನೇ. ಬೇರೆಯಾದದ್ದು ಸುತ್ತಲಿನ ನೆಲ ಮತ್ತು ಸುತ್ತಲಿನ ಜನ. ನೆಲ ಮಟ್ಟವಾದರೆ ಮರ ಹತ್ತುತ್ತಿದ್ದವನೂ ಏನಾದರೂ ಆಗಬಲ್ಲ. ಅಪ್ಪ ಈಗ ಇಳಿಜಾರಿನ ತಿರುವಿನಲ್ಲಿ ಕುರ್ಚಿ ನಿಲ್ಲಿಸಿಕೊಂಡು ನಾರಿನ ಹಗ್ಗ ಹೊಸೆಯುತ್ತಾನೆ, ದಿನಕ್ಕೆ ನೂರೈವತ್ತು ರೂಪಾಯಿ ಹುಟ್ಟುತ್ತದೆ. ಹಾದು ಹೋಗುವ ಹುಡುಗರಿಗೆ ಯಾವ ಮರ ಹತ್ತಬಾರದು ಅಂತ ಹೇಳುತ್ತಾನೆ.

ಕಾನೂನಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಸತಿ ಯೋಜನೆಗಳಲ್ಲಿ, ಜಮೀನು ಹಂಚಿಕೆಯಲ್ಲಿ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಶೇಕಡಾ 5 ಮೀಸಲು ಅನ್ನುತ್ತದೆ. ಪಂಚಾಯ್ತಿ ತನ್ನ ಹಣದಲ್ಲೂ ಶೇಕಡಾ 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಅದಕ್ಕೆಂದೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ಮರ ಹತ್ತುವವರಿಗೆ 'ಕೇರ ಸುರಕ್ಷಾ' ಎಂಬ ವಿಮೆಯಿದೆ. ನಮ್ಮ ಕೇರಿಯಲ್ಲಿ ಮರ ಹತ್ತುವ ಹನ್ನೊಂದು ಜನರಲ್ಲಿ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ. ಈಗ ನಾವೇ ಅರ್ಜಿ ತುಂಬಿಸುತ್ತಿದ್ದೇವೆ. ವಿಮೆಯ ಕಂತನ್ನು ತೋಟದವರು ಕಟ್ಟಲಿ, ಕಟ್ಟದ ತೋಟದ ಮರ ಹತ್ತುವುದಿಲ್ಲ ಅಂತ ಮಾತಾಡಿಕೊಂಡಿದ್ದೇವೆ. ಮೊದಮೊದಲು ನಕ್ಕರು. ಕಾಯಿ ಬಲಿತು ತಾವಾಗಿ ಉದುರತೊಡಗಿದ ಮೇಲೆ ಇಬ್ಬರು ಕಟ್ಟಿದ್ದಾರೆ.

ಇನ್ನೂ ಬಾಕಿ ಇದೆ. ಅಪ್ಪ ಮನೆಯಿಂದ ಬೀದಿಗೆ ಬಂದ, ಬೀದಿಯಿಂದ ಎಲ್ಲಿಗೆ ಹೋಗಬೇಕು? ಪಂಚಾಯ್ತಿ ಕಚೇರಿಗೆ ಏಳು ಮೆಟ್ಟಿಲು. ನ್ಯಾಯಬೆಲೆ ಅಂಗಡಿಗೆ ಮೂರು. ವೋಟು ಹಾಕುವ ಶಾಲೆಗೆ ನಾಲ್ಕು. ಕಳೆದ ಗ್ರಾಮಸಭೆಯಲ್ಲಿ ಅಪ್ಪ ಹೊರಗಡೆ ಕುರ್ಚಿಯಲ್ಲಿ ಕೂತು, 'ನೀವ್ ಒಳಗ್ ಕರೀದಿದ್ರೆ ನಾನ್ ಇಲ್ಲೇ ಕುಂತಿರ್ತೀನಿ, ಸಭೆ ಈಚೇಗೇ ಬರ್ಲಿ' ಅಂದ. ಸಭೆ ಅರಳಿಕಟ್ಟೆ ನೆರಳಿಗೆ ಬಂತು. ಇಳಿಜಾರು ಮಾಡಿಸುವುದಾಗಿ ಬರೆದುಕೊಂಡಿದ್ದಾರೆ. ಬರೆದುಕೊಂಡದ್ದು ಸಿಮೆಂಟಾಗುವ ತನಕ ಸಭೆ ಅರಳಿಕಟ್ಟೆಯಲ್ಲೇ ನಡೆಯಬೇಕು ಅಂತ ನಾವು ಹಟ ಹಿಡಿದಿದ್ದೇವೆ.

ನಿಮ್ಮೂರಲ್ಲೂ ಒಂದು ಕತ್ತಲೆ ಮೂಲೆ ಇರುತ್ತದೆ. ಮರದಿಂದ ಬಿದ್ದವನೋ, ಲಕ್ವ ಹೊಡೆದ ಮುದುಕಿಯೋ, ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದ ಹುಡುಗನೋ ಅಲ್ಲಿ ನೀರು ಕುಡಿಯದೆ ಮಲಗಿರುತ್ತಾರೆ. ಹಣ್ಣು ಹಿಡಿದು ಹೋಗಬೇಡಿ. ಒಂದು ಟೇಪು ಹಿಡಿದು ಹೋಗಿ. ಹೊಸ್ತಿಲು ಎಷ್ಟೆತ್ತರ, ಬಾಗಿಲು ಎಷ್ಟಗಲ, ಕಕ್ಕಸು ಎಷ್ಟು ದೂರ, ಸ್ವಿಚ್ಚು ಎಲ್ಲಿದೆ ಅಂತ ಅಳೆದು ಬರೆದುಕೊಳ್ಳಿ. ಆಮೇಲೆ ಗರಗಸ ತನ್ನಿ. ಹಗ್ಗ ಹೇಗೂ ನಮ್ಮ ಸೀಮೆಯಲ್ಲಿ ಬೇಕಾದಷ್ಟಿದೆ.